ಉಚ್ಚಾರಣೆಗೆ ಹತ್ತು ಅಂಕ

ನವೆಂಬರ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡಕ್ಕೆ ಎಲ್ಲಿಲ್ಲದ ಬೇಡಿಕೆ. ವರ್ಷವಿಡೀ ವಾಟ್ಸಾಪ್ ಗುಂಪಿನಲ್ಲಿ ನೀರಿನ ಟ್ಯಾಂಕರು, ಪಾರ್ಕಿಂಗ್ ಜಗಳ, ಲಿಫ್ಟಿನಲ್ಲಿ ನಾಯಿ ಮಾಡಿದ ಗಲೀಜು ಎಲ್ಲವನ್ನೂ ಇಂಗ್ಲಿಷಿನಲ್ಲೇ ಚರ್ಚಿಸುವ ಜನ ಆ ತಿಂಗಳು ಹಳದಿ-ಕೆಂಪು ಶಾಲು ಹೊದ್ದು ಕ್ಲಬ್ ಹೌಸಿನಲ್ಲಿ ಸೇರುತ್ತಾರೆ. ಬಾವುಟ, ಕೇಸರಿಬಾತು, ಮಕ್ಕಳಿಗೆ ಗೀತಗಾಯನ ಸ್ಪರ್ಧೆ. ಸ್ಪರ್ಧೆ ಅಂದಮೇಲೆ ತೀರ್ಪುಗಾರರು ಬೇಕಲ್ಲ? ಪತ್ರಿಕೆಗೆ ಆಗೀಗ ಏನಾದರೂ ಬರೆಯುವವನಿಗೆ ಹಾಡೂ ಗೊತ್ತಿರಲೇಬೇಕು ಎಂದು ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಯಾರು ಹೇಳಿದರೋ, ನನ್ನನ್ನು ಹಿಡಿದು ಕೂರಿಸಿಬಿಟ್ಟರು. ನನ್ನ ಸಂಗೀತವೆಲ್ಲ ಬಚ್ಚಲುಮನೆಯದು. ಅದೂ ನಲ್ಲಿಯನ್ನು ಪೂರ್ತಿ ತಿರುಗಿಸಿದ ಮೇಲೆಯೇ ಶುರುವಾಗಬೇಕೆಂದು ಮನೆಯಲ್ಲಿ ಕರಾರಾಗಿದೆ.

ಕೈಗೊಂದು ಹಾಳೆ ಕೊಟ್ಟರು. ಶ್ರುತಿ, ಲಯ, ಭಾವ, ಉಚ್ಚಾರಣೆ. ಒಂದೊಂದಕ್ಕೂ ಹತ್ತು ಅಂಕ. ಶ್ರುತಿ-ಲಯಗಳ ವಿಚಾರದಲ್ಲಿ ನಾನು ಪಕ್ಕದ ತೀರ್ಪುಗಾರರ ಮುಖ ನೋಡುತ್ತ ಅಂಕ ತುಂಬಿದೆ. ಅವರು ಸಂಗೀತ ಪಾಠ ಹೇಳುವವರು. ಅವರ ಹುಬ್ಬು ಮೇಲೇರಿದರೆ ಆರು, ತಲೆದೂಗಿದರೆ ಎಂಟು. ಭಾವಕ್ಕೆ ಎಲ್ಲ ಮಕ್ಕಳಿಗೂ ಒಂಬತ್ತು ಕೊಟ್ಟೆ. ಉಚ್ಚಾರಣೆಯದು ಮಾತ್ರ ಬೇರೆ ಕಥೆ. ಕನ್ನಡ ಆಡುವ ಪ್ರತಿಯೊಬ್ಬನೂ ಆ ವಿಷಯದಲ್ಲಿ ಪಂಡಿತನೇ. ತನ್ನೂರಿನಲ್ಲಿ ಆಡುವುದು ಸರಿ, ಮಿಕ್ಕ ಮೂವತ್ತು ಜಿಲ್ಲೆಗಳವರದು ಸ್ವಲ್ಪ ಹಾಗೆ-ಹೀಗೆ ಎಂಬುದು ನಮ್ಮೆಲ್ಲರ ಒಳಗಿನ ನಂಬಿಕೆ.

ಕೊನೆಯಲ್ಲಿ ಬಂದವನು ನಮ್ಮ ಗೇಟಿನ ಸೆಕ್ಯೂರಿಟಿಯವರ ಮಗ. ಅವರು ಲಿಂಗಸುಗೂರಿನ ಕಡೆಯವರು. ಹುಡುಗ ಎರಡೂ ಕೈ ಹಿಂದೆ ಕಟ್ಟಿಕೊಂಡು, ಬಲಗಾಲಿನ ಹೆಬ್ಬೆರಳಿನಿಂದ ಕಾರ್ಪೆಟ್ಟನ್ನು ತಿಕ್ಕುತ್ತ, ಶಿಶುನಾಳ ಶರೀಫರ ಒಂದು ಪದ ಎತ್ತಿಕೊಂಡ. ಅವನ ಬಾಯಲ್ಲಿ ಮನೆಯೆಲ್ಲ ಮನಿ, ಮೇಲೆ ಇದ್ದದ್ದೆಲ್ಲ ಮ್ಯಾಲ. ಸೂರು ಹಾರಿಹೋಗುವಂಥ ಗಂಟಲು. ನನಗೆ ಕೂತಲ್ಲೇ ಕಣ್ಣು ಮಂಜಾಯಿತು. ನನ್ನದು ಹಾವೇರಿಯ ಕಡೆ, ಶಿಶುನಾಳ ನಮಗೆ ಬಹಳ ದೂರವಲ್ಲ. ಪಕ್ಕದಲ್ಲಿ ನೋಡಿದರೆ ಟೀಚರು ಉಚ್ಚಾರಣೆಯ ಕಾಲಮ್ಮಿನಲ್ಲಿ ನಾಲ್ಕು ಬರೆದಿದ್ದಾರೆ. "ವಾಯ್ಸ್ ಚೆನ್ನಾಗಿದೆ ಸಾರ್. ಆದ್ರೆ ಸ್ವಲ್ಪ ಆ ಕಡೆ ಭಾಷೆ ಬಂದ್ಬಿಡುತ್ತೆ ನೋಡಿ" ಎಂದು ಪಿಸುಗುಟ್ಟಿದರು. ಪದವೇ ಆ ಕಡೆಯದು ಮೇಡಂ, ಶರೀಫರೇ ಬಂದು ಹಾಡಿದ್ದರೂ ನಿಮ್ಮ ಹಾಳೆಯಲ್ಲಿ ನಾಲ್ಕೇ ಬರುತ್ತಿತ್ತು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಹತ್ತು ಬರೆದೆ. ಕಾರ್ಯದರ್ಶಿಗಳು ಸರಾಸರಿ ತೆಗೆದು ಏಳು ಮಾಡಿದರು. ಮೊದಲ ಬಹುಮಾನ ಒಂದೊಂದು ಮಹಾಪ್ರಾಣವನ್ನೂ ಇಸ್ತ್ರಿ ಮಾಡಿ ಇಟ್ಟಿದ್ದ ಹುಡುಗಿಗೆ ಹೋಯಿತು. ಇವನಿಗೆ ಮೂರನೆಯದು, ಒಂದು ಸ್ಟೀಲಿನ ಟಿಫಿನ್ ಬಾಕ್ಸು. ಹುಡುಗ ಅಲ್ಲೇ ಅದರ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದ. ಅವನಿಗೇನೂ ಬೇಜಾರಾದಂತೆ ಕಾಣಲಿಲ್ಲ. ಬೇಜಾರಾದದ್ದು ನನಗೆ.

ಹಾಗೆ ನೋಡಿದರೆ ಹಾಡಲು ನಿಂತಾಗ ನಾವು ನಮ್ಮೂರಿನ ಮಾತನ್ನು ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಹೊರಗೆ ಬಿಟ್ಟೇ ಒಳಗೆ ಹೋಗುತ್ತೇವೆ. ನಮ್ಮ ಕಾಕಾನನ್ನೇ ತೆಗೆದುಕೊಳ್ಳಿ. ಊರಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಬೆಲ್ಟು ತಿರುಗುವ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಿದ್ದಕ್ಕೆ ಅವನ ದನಿ ಊರ ಅಗಸಿಯ ತನಕ ಕೇಳುತ್ತಿತ್ತು. ಬಾಯಿ ತೆರೆದರೆ "ಏನಲೇ", "ಬಾರಲೇ", "ಯಾಕ ಬಂದಿದಿ". ಅದೇ ಕಾಕಾ ಶ್ರಾವಣ ಸೋಮವಾರದ ಭಜನಿಯಲ್ಲಿ ವಚನದ ಪುಸ್ತಕ ಹಿಡಿದು ಕೂತರೆ ಬೇರೆಯೇ ಮನುಷ್ಯ. ಶಾಲೆ ಕಲಿತದ್ದು ಅಷ್ಟಕ್ಕಷ್ಟೇ ಆದರೂ ಅಚ್ಚಾದ ಅಕ್ಷರಕ್ಕೆ ಅವನು ಕೊಡುತ್ತಿದ್ದ ಮರ್ಯಾದೆ ದೊಡ್ಡದು. ಪುಸ್ತಕದಲ್ಲಿ 'ಮನೆ' ಎಂದಿದ್ದರೆ ಮನೆಯೇ. ಪುಸ್ತಕ ಮುಚ್ಚಿ, ಬಾಯಿಪಾಠದ ತತ್ವಪದಕ್ಕೆ ಬಂದನೋ, ಮನಿ ತಾನಾಗಿಯೇ ವಾಪಸು ಬರುತ್ತಿತ್ತು. ಅಜ್ಜಿಗೆ ಈ ತಾಪತ್ರಯವೇ ಇರಲಿಲ್ಲ. ಅವಳ ಬೀಸುವ ಕಲ್ಲಿನ ಪದಗಳಿಗೆ ಪುಸ್ತಕವಿರಲಿಲ್ಲ. ನಸುಕಿನಲ್ಲಿ ಜೋಳ ಬೀಸುತ್ತ ಸೊಸೆಯನ್ನು ಬೈದದ್ದೂ ಶಿವನನ್ನು ಕರೆದದ್ದೂ ಒಂದೇ ಭಾಷೆಯಲ್ಲಿ. ಶಿವನಂತೂ ಉಚ್ಚಾರಣೆಗೆ ಅಂಕ ಕಡಿದ ಸುದ್ದಿ ಬರಲಿಲ್ಲ.

ಮಾತಿಗೆ ಅದರದೇ ಒಂದು ರಾಗವಿದೆ. ಇಬ್ಬರು ಹುಬ್ಬಳ್ಳಿಯವರು ಎದುರುಬದುರು ನಿಂತು ಪ್ರೀತಿಯಿಂದ ಮಾತಾಡಿದರೆ ಬೆಂಗಳೂರಿನವರು ಬಿಡಿಸಲು ಓಡಿಬರುತ್ತಾರೆ. ಮಂಗಳೂರಿನವರು ಜಗಳವನ್ನೂ ಪೂರ್ಣವಿರಾಮ ಇಟ್ಟು ಆಡುತ್ತಾರೆ. ಮೈಸೂರಿನವರು ಬೈದದ್ದು ಮನೆಗೆ ಹೋಗಿ ಕೈಕಾಲು ತೊಳೆದ ಮೇಲೆ ತಿಳಿಯುತ್ತದೆ. ಸಂಗೀತ ಸಂಯೋಜಕ ಮೊದಲು ತೆಗೆದುಹಾಕುವುದು ಈ ರಾಗವನ್ನು. ಮಾತಿನ ಏರಿಳಿತದ ಜಾಗದಲ್ಲಿ ತನ್ನ ಮೋಹನವನ್ನೋ ಭೀಮಪಲಾಸವನ್ನೋ ಕೂರಿಸುತ್ತಾನೆ. ಎಲ್ಲಿ ಎಳೆಯಬೇಕು, ಎಲ್ಲಿ ಮೊಟಕಬೇಕು ಎಂಬುದನ್ನು ತಾಳ ತೀರ್ಮಾನಿಸುತ್ತದೆ. ಇಷ್ಟಾದ ಮೇಲೂ ಊರು ಒಂದೆರಡು ಕಡೆ ಅಡಗಿ ಕೂತಿರುತ್ತದೆ: ಪದದ ಕೊನೆಯ ಸ್ವರದಲ್ಲಿ, ಹಕಾರದಲ್ಲಿ, ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬುದರಲ್ಲಿ. ಊರವರ ಕಿವಿಗೆ ಅಷ್ಟೇ ಸಾಕು.

ನನ್ನ ಹೆಂಡತಿ ಕುಂದಾಪುರದವಳು. ಮದುವೆಯಾದ ಹೊಸದರಲ್ಲಿ ಅವಳು ನನ್ನೊಂದಿಗೆ ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದಳು; ನಾನೂ ಅಷ್ಟೇ ಗಂಭೀರವಾಗಿ ಉತ್ತರಿಸುತ್ತಿದ್ದೆ. ಇಬ್ಬರೂ ಆಕಾಶವಾಣಿಯ ವಾರ್ತಾ ವಾಚಕರಂತೆ ಸಂಸಾರ ನಡೆಸಿದೆವು. ಒಂದು ದಿನ ಅವಳು ತವರಿಗೆ ಫೋನ್ ಮಾಡಿ, "ಹ್ವಾಯ್ ಅಮ್ಮ, ಮಳಿ ಬಂತಾ? ಇವತ್ತ್ ಎಂತ ಮೀನ್ ಬಂದಿತ್ತ್?" ಅನ್ನುವುದು ಅಡುಗೆಮನೆಯಿಂದ ಕೇಳಿಸಿತು. ಮಳಿ! ನಾನು ಪೇಪರು ಕೆಳಗಿಟ್ಟೆ. ಇಷ್ಟು ದಿನ ಇಬ್ಬರೂ ಮನಿ, ಮಳಿ ಅನ್ನುವ ಜನವೇ ಆಗಿದ್ದು, ಪರಸ್ಪರ ಮನೆ, ಮಳೆ ಎಂದು ನಾಟಕವಾಡಿಕೊಂಡಿದ್ದೆವು. ಆವತ್ತಿನಿಂದ ನಮ್ಮ ಮನೆ ಅಧಿಕೃತವಾಗಿ ಮನಿಯಾಯಿತು. ಉಳಿದದ್ದರಲ್ಲಿ ಇನ್ನೂ ಒಮ್ಮತವಿಲ್ಲ.

ಯಕ್ಷಗಾನದ ಊರಿನ ಹೆಣ್ಣು ಅವಳು. ಒಂದು ಮಳೆಗಾಲ ಮುಗಿದ ಮೇಲೆ ಅವರೂರಿನ ಗದ್ದೆಯಲ್ಲಿ ಬಯಲಾಟ ನೋಡಲು ನನ್ನನ್ನು ಕರೆದೊಯ್ದಿದ್ದಳು. ಮನೆಯಲ್ಲಿ ತುಳುವನ್ನೋ ಕುಂದಾಪ್ರ ಕನ್ನಡವನ್ನೋ ಆಡುವ ಕಲಾವಿದರು ಕಿರೀಟ ಏರಿಸಿದ ಕ್ಷಣದಿಂದ ಎಂಥ ಗ್ರಾಂಥಿಕ ಕನ್ನಡ ಆಡುತ್ತಾರೆಂದರೆ, ಕನ್ನಡ ಎಂ.ಎ. ತರಗತಿಯಲ್ಲೂ ಅದನ್ನು ಕೇಳಲಾರಿರಿ. ಭಾಗವತರ ಪದ್ಯವೂ ಹಾಗೇ. ಕೃಷ್ಣ, ಭೀಮ, ರಾವಣ, ಯಾರ ಬಾಯಲ್ಲೂ ಊರಿಲ್ಲ. ಊರಿರುವುದು ಒಬ್ಬನ ಬಾಯಲ್ಲಿ ಮಾತ್ರ, ಹಾಸ್ಯಗಾರನ ಬಾಯಲ್ಲಿ. ಅವನು ದೂತನಾಗಿ ಬಂದು ಪಕ್ಕಾ ಕುಂದಾಪ್ರದ ಮಾತಿನಲ್ಲಿ ಏನೋ ಅಂದದ್ದೇ ತಡ, ಅರ್ಧ ನಿದ್ದೆಯಲ್ಲಿದ್ದ ಗದ್ದೆಯೆಲ್ಲ ಎದ್ದು ಕೂತು ನಕ್ಕಿತು. ನಾನೂ ನಕ್ಕೆ, ಅರ್ಥವಾಗಿದ್ದು ಕಮ್ಮಿಯೇ. ನಗು ಮುಗಿದ ಮೇಲೆ ಒಂದು ಯೋಚನೆ ಹತ್ತಿಕೊಂಡಿತು. ನಮ್ಮ ಸಿನಿಮಾಗಳೂ ಬಹುಕಾಲ ಮಾಡಿದ್ದು ಇದನ್ನೇ ಅಲ್ಲವೆ? ನಾಯಕ-ನಾಯಕಿಗೆ ಊರಿಲ್ಲದ ಕನ್ನಡ. ಅಡುಗೆ ಭಟ್ಟನಿಗೆ ಕರಾವಳಿಯದು, ಪೈಲ್ವಾನನಿಗೂ ರೌಡಿಗೂ ಹುಬ್ಬಳ್ಳಿಯದು. ಅವರು ಬಾಯಿ ತೆರೆದರೆ ಥಿಯೇಟರು ನಗಬೇಕು. ಪ್ರೀತಿ, ವಿರಹ, ತಾಯಿಯ ಸಾವು ಇವಕ್ಕೆಲ್ಲ ಹಾಡು ಬೇಕಾದಾಗ ಊರಿನ ಮಾತಿಗೆ ಪ್ರವೇಶವಿಲ್ಲ.

ಊರನ್ನು ಬಾಯಿಂದ ತೆಗೆದವರು ಹೆಸರಿನಿಂದ ಮಾತ್ರ ತೆಗೆಯಲಿಲ್ಲ, ನೋಡಿ. ನಮ್ಮ ಕಡೆಯ ಗಾಯಕರು ಊರನ್ನು ಹೆಸರಿನ ಬೆನ್ನಿಗೆ ಕಟ್ಟಿಕೊಂಡವರು: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಸಿದ್ಧರಾಮ ಜಂಬಲದಿನ್ನಿ. ದಕ್ಷಿಣದವರು ಮುಂದೆ ಇಟ್ಟುಕೊಂಡರು: ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ. ಬೀಳಗಿಯಿಂದ ಮುಂಬಯಿಗೆ ಹೋದ ಅಮೀರಬಾಯಿಯಂತೂ ಒಂದು ಊರು ಸಾಲದೆಂದು ನಾಡನ್ನೇ ಹೆಸರಿಗೆ ಸೇರಿಸಿಕೊಂಡು ಅಮೀರಬಾಯಿ ಕರ್ನಾಟಕಿ ಆದರು. 1943ರಲ್ಲಿ ಬಂದ 'ಕಿಸ್ಮತ್' ಸಿನಿಮಾದಲ್ಲಿ ಅವರು ಹಾಡಿದ ಹಿಂದಿ ಹಾಡುಗಳು ದೇಶದ ತುಂಬ ಹರಡಿದವು. ಆ ಹಾಡುಗಳನ್ನು ನಾನು ಎಷ್ಟು ಕಿವಿಗೊಟ್ಟು ಕೇಳಿದರೂ ಬೀಳಗಿ ಎಲ್ಲೂ ಸಿಗುವುದಿಲ್ಲ. ಬಾಯಿಂದ ಊರು ಜಾರಿತೆಂದೇ ಹೆಸರಿನಲ್ಲಿ ಭದ್ರ ಮಾಡಿಟ್ಟರೋ ಏನೋ.

ಭೀಮಸೇನ ಜೋಶಿಯವರು ಹೆಸರಿನಲ್ಲಿ ಊರಿಡಲಿಲ್ಲ. ಇಡುವ ಅಗತ್ಯವೂ ಇರಲಿಲ್ಲ. ಗದಗಿನಲ್ಲಿ ಬೆಳೆದು, ಗುರುವನ್ನು ಹುಡುಕಿಕೊಂಡು ಉತ್ತರದ ತುಂಬ ಅಲೆದು, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಪುಣೆಯಲ್ಲಿ ನೆಲೆ ನಿಂತವರು. ಮರಾಠಿ ಅಭಂಗಗಳ 'ಸಂತವಾಣಿ' ಹಾಡಿ ಮರಾಠಿಗರ ಮನೆಮಾತಾದರು. ಅಷ್ಟಾದರೂ 'ದಾಸವಾಣಿ'ಗೆ ಕೂತು ಪುರಂದರದಾಸರ ಪದ ಎತ್ತಿಕೊಂಡರೆ ಗದಗಿನ ಓಣಿ ಅಲ್ಲೇ ಇರುತ್ತಿತ್ತು. ಬಾಯಿ ಪೂರ್ತಿ ತೆರೆದ ಆ ಆಕಾರ, ಪದದ ಕೊನೆಯಲ್ಲಿ ಸ್ವರವನ್ನು ಬಿಟ್ಟುಕೊಡದ ಆ ಹಟ! 1966ರ 'ಸಂಧ್ಯಾರಾಗ' ಸಿನಿಮಾದಲ್ಲಿ ಅವರೂ ಬಾಲಮುರಳಿಕೃಷ್ಣರೂ ಹಾಡಿದ್ದಾರೆ. ಒಂದರ ಹಿಂದೊಂದು ಕೇಳಿದರೆ ಕನ್ನಡ ಹೇಗೆ ಗೋದಾವರಿಯ ಕಡೆಯಿಂದಲೂ ಮಲಪ್ರಭೆಯ ಕಡೆಯಿಂದಲೂ ಬಂದು ಒಂದೇ ಪರದೆಯ ಮೇಲೆ ಕೂಡುತ್ತದೆ ಎಂಬುದು ಗೊತ್ತಾಗುತ್ತದೆ. ಬೆಂಗಳೂರಿನ ಒಂದು ಕಛೇರಿಯಲ್ಲಿ ಭೀಮಸೇನರು ದಾಸರ ಪದ ಮುಗಿಸಿದಾಗ ನನ್ನ ಹಿಂದೆ ಕೂತಿದ್ದ ಧೋತರದ ಹಿರಿಯರೊಬ್ಬರು, "ನಮ್ಮಾಂವ, ನಮ್ಮಾಂವ" ಎಂದು ಯಾರಿಗೂ ಅಲ್ಲದೆ ತಮ್ಮಷ್ಟಕ್ಕೆ ಹೇಳಿಕೊಂಡರು. ರಾಗದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ನಮ್ಮವರ ಮಾತಾಯಿತು. ಹೊರಗಿನವರ ಉಚ್ಚಾರಣೆಗೆ ನಾವು ಎಂದೂ ಅಂಕ ಕಡಿದವರಲ್ಲ, ಅದೇ ಸೋಜಿಗ. 1967ರಲ್ಲಿ 'ಒಂದೇ ಬಳ್ಳಿಯ ಹೂಗಳು' ಸಿನಿಮಾಕ್ಕೆ ಮೊಹಮ್ಮದ್ ರಫಿ ಹಾಡಿದರು. 1972ರಲ್ಲಿ ದ್ವಾರಕೀಶರ 'ಕುಳ್ಳ ಏಜೆಂಟ್ 000'ಕ್ಕೆ ಕಿಶೋರ್ ಕುಮಾರ್. ಹಾಡುವವರು ಸಾಮಾನ್ಯವಾಗಿ ಸಾಹಿತ್ಯವನ್ನು ತಮ್ಮ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಹಿಂದಿಯ ಬರವಣಿಗೆಯಲ್ಲಿ ನಮ್ಮ ಗಿಡ್ಡ ಎ, ಗಿಡ್ಡ ಒ ಎರಡಕ್ಕೂ ಬೇರೆ ಗುರುತಿಲ್ಲ. ಹೀಗಾಗಿ ಗಿಡ್ಡವಾಗಬೇಕಾದ್ದು ಅಲ್ಲಲ್ಲಿ ಉದ್ದವಾದರೆ ನಾಲಿಗೆಯನ್ನು ಬೈಯುವಂತಿಲ್ಲ, ಪೆನ್ನನ್ನು ಬೈಯಬೇಕು. ಅದೇ 1967ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ಕ್ಕೆ ಹಾಡಿದ ಲತಾ ಮಂಗೇಶ್ಕರ್ ಅವರಿಗೆ ನಮ್ಮ ಳಕಾರ ತೊಡಕಾಗಲಿಲ್ಲ. ಮನೆಮಾತು ಮರಾಠಿಯಲ್ಲಿ ಅದು ಹೇರಳವಾಗಿದೆ. ರಫಿ ಸಾಹೇಬರ ಹಾಡಿನಲ್ಲಿ ಎಲ್ಲೋ ಒಂದೆಡೆ ಅಕ್ಷರ ಜಗ್ಗಿದಂತೆ ಕೇಳಿದರೆ ನಮ್ಮ ಜನ, "ಪಾಪ, ನಮಗಾಗಿ ಎಷ್ಟು ಕಷ್ಟಪಟ್ಟಿದ್ದಾರೆ" ಎಂದು ಮತ್ತೊಮ್ಮೆ ಹಾಕಿಸಿಕೊಂಡು ಕೇಳುತ್ತಾರೆ. ಲಿಂಗಸುಗೂರಿನ ಹುಡುಗನಿಗೆ ಈ ರಿಯಾಯಿತಿ ಇಲ್ಲ. ಅವನು ಮುಂಬಯಿಯಲ್ಲಿ ಹುಟ್ಟಬೇಕಿತ್ತು.

ತೆಲುಗಿನವರ ಕಥೆ ಇನ್ನೂ ಚೆಂದ. ಕಾಕಿನಾಡದ ಪಿ.ಬಿ. ಶ್ರೀನಿವಾಸ್ ಕನ್ನಡದಲ್ಲಿ ಪದ್ಯ ಬರೆಯುವಷ್ಟು ಕನ್ನಡದವರಾದರು. ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಮದ್ರಾಸಿನಲ್ಲಿ ಓಡಾಡುತ್ತಿದ್ದ ಅವರ ಕನ್ನಡದಲ್ಲಿ ಎಲ್ಲೂ ಒಂದು ಕಲ್ಲು ಸಿಗುವುದಿಲ್ಲ. ನಮ್ಮ ಲಿಪಿಗೂ ಅವರ ಲಿಪಿಗೂ ಹೆಚ್ಚು ಅಂತರವಿಲ್ಲ. ಗಿಡ್ಡ ಉದ್ದ, ಅಲ್ಪ ಮಹಾ ಎಲ್ಲವೂ ಅಲ್ಲಿವೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಕನ್ನಡದ ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದುತ್ತಿದ್ದರು. ಎಷ್ಟು ಮೆತ್ತಗೆಂದರೆ, ತಿದ್ದಿಸಿಕೊಂಡ ಮಗು ಬಹುಮಾನ ಬಂದಷ್ಟು ಖುಷಿಯಾಗುತ್ತಿತ್ತು. ಟೀವಿ ಮುಂದೆ ಕೂತ ನಾವೂ "ಹೌದು ಹೌದು" ಎಂದು ಗೋಣು ಆಡಿಸುತ್ತಿದ್ದೆವು. ಹೀಗೆ ಕನ್ನಡದ ಅತ್ಯಂತ ಶುದ್ಧ ಉಚ್ಚಾರಣೆ ಎಂದು ನಮ್ಮ ಕಿವಿ ಒಪ್ಪಿಕೊಂಡದ್ದು ತೆಲುಗು ಸೀಮೆಯಿಂದ ಬಂದವರದು, ಮದ್ರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾದದ್ದು. ಊರಿಲ್ಲದ ಕನ್ನಡ ಎಂದು ನಾವು ಅಂದುಕೊಂಡಿದ್ದಕ್ಕೂ ಒಂದು ಊರಿತ್ತು, ಅದು ಕೋಡಂಬಾಕ್ಕಮ್ಮಾಗಿತ್ತು.

ಇನ್ನೊಂದು ಊರು ನಾಟಕ ಕಂಪನಿ. ಗಾಜನೂರಿನ ರಾಜಕುಮಾರರ ಕನ್ನಡ ಚಾಮರಾಜನಗರದ ಕಡೆಯದಾಗಬೇಕಿತ್ತು. ಕಂಸಾಳೆಯವರು ಮಾದಪ್ಪನ ಕಥೆ ಹಾಡುವಾಗ ಮಹದೇವ 'ಮಾದೇವ' ಆಗಿ, ಬಿಡು 'ಬುಡು' ಆಗಿ ಕುಣಿಯುವ ಸೀಮೆ ಅದು. ಗುಬ್ಬಿ ಕಂಪನಿಯ ತಾಲೀಮು ಆ ನಾಲಿಗೆಯನ್ನು ತಿದ್ದಿತು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅವರು ಎಮ್ಮೆಯ ಮೇಲೆ ಕೂತು, ತಾವೇ ಹಾಡಿಕೊಂಡು ಬರುತ್ತಾರೆ. ವೇಷ ಹಳ್ಳಿಯ ಗಮಾರನದು, ಬಿಡುಬೀಸಾದ ಗಂಟಲೂ ಅವನದೇ. ಅಕ್ಷರಗಳು ಮಾತ್ರ ಕಂಪನಿಯ ಮೇಷ್ಟ್ರು ಪರದೆಯ ಹಿಂದೆ ನಿಂತು ನೋಡುತ್ತಿರುವಂತೆ ಸಾಲಾಗಿ ಬರುತ್ತವೆ. ಆ ಎಮ್ಮೆಯ ಮೇಲೆ ಹಳ್ಳಿಯೂ ಕಂಪನಿಯೂ ಒಟ್ಟಿಗೆ ಸವಾರಿ ಮಾಡಿದ್ದಕ್ಕೆ ಇಡೀ ಕರ್ನಾಟಕ ಹಾಡು ಕಲಿತುಕೊಂಡಿತು.

ಊರಿನ ಮಾತನ್ನು ಹಾಸ್ಯಗಾರನಿಂದ ಬಿಡಿಸಿ ಹಾಡಿಗೆ ತಂದವರು ಯಾರು ಎಂದು ಹುಡುಕಿಕೊಂಡು ಹೋದರೆ ಇನ್ನೊಂದು ತಮಾಷೆ ಸಿಗುತ್ತದೆ. ಹೆಚ್ಚಿನವರು ಆ ಊರಿನವರೇ ಅಲ್ಲ! ಹೆಂಡ ಮುಟ್ಟದ ಕನ್ನಡ ಮೇಷ್ಟ್ರು ಜಿ.ಪಿ. ರಾಜರತ್ನಂ, ಹಕಾರವನ್ನೇ ನುಂಗಿಬಿಟ್ಟ ಹೆಂಡಗುಡುಕ ರತ್ನನ ಬಾಯಲ್ಲಿ ಪದ ಬರೆದರು. ಅದನ್ನು ನಾಡಿಗೆಲ್ಲ ಹಾಡಿ ಕೇಳಿಸಿದ ಪಿ. ಕಾಳಿಂಗರಾಯರು ನನ್ನ ಹೆಂಡತಿಯ ಸೀಮೆಯವರು, ಆರೂರಿನವರು. ಕರಾವಳಿಯ ಗಂಟಲಿನಲ್ಲಿ ಮೈಸೂರು ಸೀಮೆಯ ಗುಡುಕನ ತೊದಲು ಎಷ್ಟು ಲಾಯಕ್ಕಾಗಿ ಕೂತಿತೆಂದರೆ, ಕೇಳಿದವರಿಗೆ ರಾಯರೇ ರತ್ನನ ಹೆಂಡತಿ ಪುಟ್ನಂಜಿಯನ್ನು ಬಲ್ಲವರೇನೋ ಅನ್ನಿಸಬೇಕು. ಶಿವಮೊಗ್ಗ ಸುಬ್ಬಣ್ಣ ಮಲೆನಾಡಿನವರು, ವೃತ್ತಿಯಿಂದ ವಕೀಲರು. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಘೋಡಗೇರಿಯ ಚಂದ್ರಶೇಖರ ಕಂಬಾರರು ಬೆಳಗಾವಿ ಸೀಮೆಯ ಮಾತಿನಲ್ಲಿ ಬರೆದ 'ಕಾಡು ಕುದುರೆ'ಯ ಹಾಡಿಗೆ. ಇನ್ನು ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು.

ಅಶ್ವತ್ಥರ ಕ್ಯಾಸೆಟ್ಟು ನಮ್ಮೂರಿಗೆ ಬಂದದ್ದು ಕಾಕಾನ ಗಿರಣಿಯ ಮೂಲಕ. ಗೋಡೆಯ ಗೂಡಿನಲ್ಲಿ ಅವನದೊಂದು ಟೇಪ್ ರೆಕಾರ್ಡರು. ಹಿಟ್ಟಿನ ಧೂಳು ಕೂತು ಕೂತು ಅದರ ಕಪ್ಪು ಮೈ ಬೂದಿಯಾಗಿತ್ತು. ಗುಂಡಿ ಒತ್ತಿದರೆ ಬೆರಳಿಗೆ ಜೋಳದ ಹಿಟ್ಟು ಹತ್ತುತ್ತಿತ್ತು. ಟೇಪು ಸಿಕ್ಕಿಕೊಂಡಾಗ ಹೊರಗೆಳೆದು, ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ನನ್ನದು. ಬೀಸಲು ಬಂದವರು ಬುಟ್ಟಿ ಕೆಳಗಿಟ್ಟು ನಿಂತರು. ಶರೀಫಜ್ಜನ ಪದ! ನಾವು ಭಜನಿಯಲ್ಲಿ ಏಕತಾರಿ, ದಮ್ಮಡಿ, ತಾಳದೊಂದಿಗೆ ಹಾಡುವ ಪದಗಳೇ ಪಿಟೀಲು, ಕೊಳಲು, ಕೋರಸ್ಸಿನ ನಡುವೆ ಮೈತುಂಬಿ ಬರುತ್ತಿದ್ದವು. ಕಾಕಾ ಬೆಲ್ಟು ಸರಿಸಿ ಮೋಟರು ನಿಲ್ಲಿಸಿದ. ಕರೆಂಟು ಇದ್ದಾಗ ಅವನು ಗಿರಣಿ ನಿಲ್ಲಿಸಿದ್ದನ್ನು ಊರು ಕಂಡಿರಲಿಲ್ಲ. ಒಂದು ಬದಿ ಪೂರ್ತಿ ಕೇಳಿದ. ಆಮೇಲೆ ತೀರ್ಪು ಕೊಟ್ಟ: "ಛಲೋ ಹಾಡ್ಯಾನಲೇ ತಮ್ಮಾ, ಭಾಳ ಛಲೋ. ಆದ್ರ ಇಂವ ರೊಟ್ಟಿ ತಿನ್ನೋ ಪೈಕಿ ಅಲ್ಲ, ಮುದ್ದಿ ತಿನ್ನೋ ಪೈಕಿ."

ಅವನು ಅದನ್ನು ಎಲ್ಲಿ ಹಿಡಿದ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕ್ಯಾಸೆಟ್ಟಿನ ಹಾಡುಗಾರರು ಮನಿಯನ್ನು ಮನಿ ಎಂದೇ ಹಾಡಿದ್ದರು, ಮ್ಯಾಲವೂ ಮ್ಯಾಲವೇ. ಆ ಅಕ್ಷರಗಳ ನಡುವೆ ಇರುವ ಯಾವುದೋ ಒಂದು ಸಂದಿಯಲ್ಲಿ ಹ್ಯಾಂಡ್‌ಪೋಸ್ಟಿನಂತೆ ಚನ್ನರಾಯಪಟ್ಟಣ ನಿಂತಿದ್ದಿರಬೇಕು. "ಹಂಗಾರ ತಗದಬಿಡೂದ?" ಎಂದು ಕೇಳಿದೆ. "ಏ, ಯಾಕ ತಗೀತಿ? ನಮ್ಮ ಅಜ್ಜನ್ನ ಅಷ್ಟ ದೂರದಿಂದ ಬಂದ ಕರಕೊಂಡ ಹೊಂಟಾನ. ಇನ್ನೊಂದ ಕಡೆ ಹಾಕ" ಅಂದ. ಇನ್ನೊಂದು ಬದಿ ಮುಗಿಯುವವರೆಗೂ ಯಾರ ಜೋಳವೂ ಹಿಟ್ಟಾಗಲಿಲ್ಲ.

ಆಮೇಲೆ ಆದದ್ದನ್ನು ಕಾಕಾ ಕೂಡ ಎಣಿಸಿರಲಿಲ್ಲ. ಮುಂದಿನ ಶ್ರಾವಣಕ್ಕೆ ನಮ್ಮ ಭಜನಿ ಮೇಳದ ಹುಡುಗರು ಶರೀಫರ ಪದವನ್ನು ಕ್ಯಾಸೆಟ್ಟಿನ ಧಾಟಿಯಲ್ಲಿ ಹಾಡತೊಡಗಿದರು. ಅಶ್ವತ್ಥರು ಮೇಲಿನ ಸ್ವರಕ್ಕೆ ಹಾರುವಾಗಿನ ಆ ಎಸೆತ, ಪದದ ನಡುವಿನ ಆ ತಡೆ, ಎಲ್ಲ ಸಮೇತ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದಮೇಲಂತೂ ಹಳೆಯ ಧಾಟಿ ಗೊತ್ತಿದ್ದವರು ಮೂಲೆಯಲ್ಲಿ ಕೂತು ದಮ್ಮಡಿ ಬಾರಿಸುವುದಕ್ಕಷ್ಟೇ ಉಳಿದರು. ರೊಟ್ಟಿ ತಿನ್ನುವ ಹುಡುಗರ ಬಾಯಲ್ಲಿ ಮುದ್ದೆ ತಿನ್ನುವವರು ಹಾಡಿದ ರೊಟ್ಟಿಯವರ ಪದ! ಹಳಬರಲ್ಲಿ ಒಬ್ಬ, "ಶರೀಫಜ್ಜ ಬೆಂಗಳೂರಿಗೆ ಹೋಗಿ ಬಂದಾನ, ಗುರ್ತ ಸಿಗವಲ್ಲ" ಎಂದು ನಗುತ್ತಿದ್ದ.

ಸ್ಪರ್ಧೆಯ ಮರುದಿನ ಗೇಟಿನಲ್ಲಿ ಆ ಹುಡುಗ ಸಿಕ್ಕಿದ. ಪದವನ್ನು ಎಲ್ಲಿ ಕಲಿತೆ, ಊರಿನ ಭಜನೆಯಲ್ಲೋ, ಅಜ್ಜನ ಹತ್ತಿರವೋ ಎಂದು ಆಸೆಯಿಂದ ಕೇಳಿದೆ. "ಇಲ್ರಿ ಸರ, ಅಪ್ಪನ ಫೋನಿನ್ಯಾಗ. ಅಶ್ವತ್ಥ ಅವರು ಹಾಡ್ಯಾರಲ್ರಿ, ಯೂಟ್ಯೂಬಿನ್ಯಾಗ" ಅಂದ. ಶಿಶುನಾಳದ ಪದ ಚನ್ನರಾಯಪಟ್ಟಣದ ಗಂಟಲು ಹತ್ತಿ, ಬೆಂಗಳೂರಿನ ಸ್ಟುಡಿಯೋದಲ್ಲಿ ಇಳಿದು, ಫೋನಿನೊಳಗೆ ಹೊಕ್ಕು, ಲಿಂಗಸುಗೂರಿನ ಹುಡುಗನ ನಾಲಿಗೆಯ ಮೇಲೆ ಮತ್ತೆ ಮನಿಗೆ ಬಂದಿತ್ತು. ದಾರಿಯಲ್ಲಿ ಯಾರೋ ತಿದ್ದಿದ್ದರು, ಯಾರೋ ತಿದ್ದದೆ ಬಿಟ್ಟಿದ್ದರು, ಇವನು ತನಗೆ ಬಂದಂತೆ ಹಾಡಿದ್ದ. ಟೀಚರು ಕೊಟ್ಟ ನಾಲ್ಕು ಅಂಕದಲ್ಲಿ ಯಾರ ಪಾಲು ಎಷ್ಟು ಎಂದು ಲೆಕ್ಕ ಹಾಕಲು ನನ್ನಿಂದಾಗಲಿಲ್ಲ. ಹುಡುಗನಂತೂ ಟಿಫಿನ್ ಬಾಕ್ಸಿನಲ್ಲಿ ಅವಲಕ್ಕಿ ತಿನ್ನುವುದರಲ್ಲಿ ಮಗ್ನನಾಗಿದ್ದ.

ಈಚೀಚೆಗೆ ಊರಿನ ಮಾತಿಗೆ ಹಾಡಿನಲ್ಲಿ ಒಳ್ಳೆಯ ದಿನ ಬಂದಿದೆ. ಮೈಸೂರಿನ ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರಿನೊಂದಿಗೆ ಶರೀಫರನ್ನು ವಿದೇಶದ ವೇದಿಕೆಗಳಿಗೂ ಕರೆದೊಯ್ದರು. 2022ರಲ್ಲಿ 'ಕಾಂತಾರ' ಬಂದಮೇಲೆ ಕುಂದಾಪ್ರದ ಸೊಗಡಿನ ಪ್ರೇಮಗೀತೆಯೊಂದು ಕರ್ನಾಟಕದ ಎಲ್ಲ ಮದುವೆ ಮನೆಗಳಲ್ಲೂ ಕೇಳಿಸಿತು. ಬರೆದವರು ಮರವಂತೆಯ ಪ್ರಮೋದ್. ಹಾಡಿದ ವಿಜಯ್ ಪ್ರಕಾಶ್, ಅನನ್ಯಾ ಭಟ್ ಇಬ್ಬರೂ ಮೈಸೂರಿನವರು. ಇಷ್ಟು ದಿನ ಹಾಸ್ಯಗಾರನ ಪಾಲಿಗೆ ಬಿಟ್ಟಿದ್ದ ಮಾತಿನಲ್ಲಿ ನಾಯಕ ಪ್ರೀತಿ ಮಾಡಿದ, ಯಾರೂ ನಗಲಿಲ್ಲ. ಮೊದಲ ಸಲ ಆ ಹಾಡು ಕೇಳಿದಾಗ ನನ್ನ ಹೆಂಡತಿ ರೇಡಿಯೋದ ಸದ್ದು ಹೆಚ್ಚಿಸಿ, ನನ್ನ ಕಡೆ ಒಂದು ಗತ್ತಿನ ನೋಟ ಬೀರಿದಳು. ಶರೀಫರು, ಬೇಂದ್ರೆ, ಕಂಬಾರ ಎಂದು ವರ್ಷಗಟ್ಟಲೆ ನಾನು ಬೀಗುತ್ತಿದ್ದುದಕ್ಕೆ ಅದು ಉತ್ತರವಾಗಿತ್ತು.

ಹೋದ ವೈಶಾಖದಲ್ಲಿ ನಮ್ಮ ಬಳಗದ ಒಂದು ಮದುವೆ, ರಾಣೇಬೆನ್ನೂರಿನಲ್ಲಿ. ಆರತಕ್ಷತೆಗೆ ಆರ್ಕೆಸ್ಟ್ರಾ ಇಟ್ಟಿದ್ದರು. ಹೊಳೆಯುವ ಕೋಟಿನ ಹುಡುಗನೊಬ್ಬ ಮೈಕಿಗೆ ಎರಡು ಸಲ ಊದಿ, "ಎಲ್ಲಾರೂ ಚಪ್ಪಾಳಿ ಹೊಡೀರಿ ನೋಡೂಣು" ಎಂದು ಆ 'ಕಾಂತಾರ'ದ ಹಾಡನ್ನೇ ಶುರುಮಾಡಿದ. ಕುಂದಾಪ್ರದ ಮಾತು, ಮೈಸೂರಿನವರ ಧಾಟಿ, ಅದರ ಮೇಲೆ ರಾಣೇಬೆನ್ನೂರಿನ ಬಾಯಿ. ಅವನ ಒಂದೊಂದು ಸ್ವರವೂ ಎತ್ತಿನ ಸಂತೆಯ ಬಯಲಿನಷ್ಟು ಅಗಲವಾಗಿತ್ತು. ನಾನು ಮೆಲ್ಲಗೆ ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದೆ. ಈಗ ಉಚ್ಚಾರಣೆಗೆ ಅಂಕ ಕೊಡುವವಳು ಅವಳು. ಎಲೆಯ ಮೇಲಿನ ಗೋಧಿ ಹುಗ್ಗಿಯನ್ನು ಬಿಟ್ಟು, ತಲೆ ಒಂದು ಕಡೆಗೆ ವಾಲಿಸಿ, ನಮ್ಮ ಕಾಕಾ ಮೋಟರು ನಿಲ್ಲಿಸಿ ಕೇಳಿದಷ್ಟೇ ಗಂಭೀರವಾಗಿ ಕೇಳುತ್ತಿದ್ದಳು.

"ಹ್ಯಾಂಗ?" ಅಂದೆ.

"ಅಡ್ಡಿಲ್ಲ" ಅಂದಳು. "ಇವ ನಿಮ್ಮೂರಿನ ಕುಂದಾಪ್ರದವ. ಚಪ್ಪಾಳಿ ಹೊಡೀರಿ ಕಾಂಬ."